ಎಂಟು ಹನಿ, ಒಂದು ಕೋಟು

ಅಕ್ಟೋಬರ್ ೪

ಪ್ರೀತಿಯ ಕಡ್ಡಿ,

ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಾನೊಬ್ಬಳೇ. ನೀನು ಮಾತ್ರ ಕ್ಷೇಮವಾಗಿಲ್ಲ ಎಂದು ನಿನ್ನ ಹೆಂಡತಿ ಬರೆದಿದ್ದಾಳೆ. ರಕ್ತದಲ್ಲಿ ಸಕ್ಕರೆ ಗಡಿ ಮುಟ್ಟಿದೆಯಂತೆ, ಹೊಟ್ಟೆ ಹೊಲಿಗೆ ಯಂತ್ರ ಮುಟ್ಟಿದೆಯಂತೆ. ಹುಟ್ಟಿದಾಗ ಕಡ್ಡಿಯ ಹಾಗಿದ್ದೆ ಎಂದು ಇಟ್ಟ ಹೆಸರು ಕಣೋ ಅದು. ಆ ಹೆಸರಿನ ಮರ್ಯಾದೆಯನ್ನಾದರೂ ಉಳಿಸಬಾರದೇ?

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಿಂದ ನಿವೃತ್ತಳಾಗಿ ನಾಲ್ಕು ತಿಂಗಳಾಯಿತು. ಮೂವತ್ತೊಂದು ವರ್ಷ ಬೇರೆಯವರ ಹಾಸಿಗೆ ಬಟ್ಟೆಯ ಕಲೆ ತೆಗೆಸಿದ್ದಾಯಿತು, ಇನ್ನು ನನ್ನ ಮೈಯನ್ನೂ ಸ್ವಲ್ಪ ನೋಡಿಕೊಳ್ಳೋಣ ಎಂದು ನಮ್ಮ ಬೀದಿಯ ಕೊನೆಯಲ್ಲಿರುವ ಆಯುರ್ವೇದ ವೈದ್ಯರ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಡಿಮೆ. ಅವರು ಹೇಳಿದ್ದನ್ನು ಕೇಳು. ನಾವು ತಿಂದದ್ದೆಲ್ಲ ಅರೆದು ಸೋಸಿ ಕಡೆಗೆ ಉಳಿಯುವ ಸಾರ ಇದೆಯಲ್ಲ, ಅದಕ್ಕೆ ಓಜಸ್ಸು ಎಂದು ಹೆಸರು. ಎದೆಯೊಳಗೆ ಎಂಟೇ ಎಂಟು ಹನಿ ಇರುತ್ತದಂತೆ. ಸಿಟ್ಟು, ಚಿಂತೆ, ಹಸಿವು, ಅತಿಯಾದ ದುಡಿತ ಅದನ್ನು ಹೀರಿಬಿಡುತ್ತವೆ. ಒಳ್ಳೆಯ ದಿನಚರಿ ಅದನ್ನು ಕಾಯುತ್ತದೆ.

ಹನ್ನೆರಡು ಸಾಲಿನ ಒಂದು ಹಾಳೆ ಕೊಟ್ಟಿದ್ದಾರೆ. ಅದನ್ನು ಚಾಚೂ ತಪ್ಪದೆ ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಸೂರ್ಯನಿಗಿಂತ ಮುಂಚೆ ಏಳು. ನಾಲಿಗೆ ಕೆರೆದುಕೋ. ಎಳ್ಳೆಣ್ಣೆ ಬಾಯಲ್ಲಿಟ್ಟು ಮುಕ್ಕಳಿಸು, ಅದನ್ನೇ ಮೈಗೂ ತಿಕ್ಕಿಕೋ. ವ್ಯಾಯಾಮ ಇರುವ ಶಕ್ತಿಯ ಅರ್ಧದಷ್ಟು ಮಾತ್ರ. ಊಟವಾದ ಮೇಲೆ ನೂರು ಹೆಜ್ಜೆ. ಒಂಬತ್ತನೆಯ ಸಾಲನ್ನು ಗಮನವಿಟ್ಟು ಓದು: ಸೀನು, ಆಕಳಿಕೆ, ಹಸಿವು, ಕಣ್ಣೀರು, ಯಾವುದು ಬಂದರೂ ತಡೆಹಿಡಿಯಬಾರದು. ಹನ್ನೆರಡನೆಯದು, ಸಿಟ್ಟು ಮಾಡಬಾರದು, ಸುಳ್ಳು ಹೇಳಬಾರದು. ಸತ್ಯ ಹೇಳುವುದೂ ಒಂದು ರಸಾಯನವಂತೆ, ಮೈ ಕಾಯುವ ಮದ್ದು.

ಹದಿನೈದು ದಿನಕ್ಕೊಮ್ಮೆ ವರದಿ ಬರೆಯಬೇಕು. ಫೋನು ಬೇಡ. ಫೋನಿನಲ್ಲಿ ನೀನು ಯಂತ್ರ ತುಳಿಯುತ್ತಾ "ಹೂಂ ಅಕ್ಕ, ಹೂಂ ಅಕ್ಕ" ಎಂದು ನನ್ನ ಕಣ್ಣಿಗೆ ಮಣ್ಣೆರಚುತ್ತೀಯ. ಇಲ್ಲಿಗೆ ಬರುವುದೂ ಬೇಡ. ಒಂದೂವರೆ ದಿನದ ರೈಲು, ನಿನ್ನ ಗೊರಕೆ, ಎರಡೂ ಸೇರಿದರೆ ನನ್ನ ದಿನಚರಿ ಕೆಟ್ಟು ಕೆರ ಹಿಡಿಯುತ್ತದೆ.

ನಿನ್ನ ಅಕ್ಕ


ಅಕ್ಟೋಬರ್ ೧೯

ಅಕ್ಕನಿಗೆ ಕಡ್ಡಿಯ ನಮಸ್ಕಾರ.

ಹಾಳೆ ತಲುಪಿತು. ಅಂಗಡಿಯಲ್ಲಿ ಕನ್ನಡಿಯ ಪಕ್ಕದಲ್ಲೇ ಅಂಟಿಸಿದ್ದೇನೆ. ಸಮವಸ್ತ್ರದ ಅಳತೆಗೆ ನಿಂತವರೆಲ್ಲ ಈಗ ಅದನ್ನೇ ಓದುತ್ತಾರೆ, ಕೈ ಎತ್ತಿ ಅಂದರೆ ಕೈ ಎತ್ತುವುದಿಲ್ಲ.

ಹನ್ನೆರಡು ಸಾಲನ್ನೂ ಪಾಲಿಸುತ್ತಿದ್ದೇನೆ. ನಾಲಿಗೆಯನ್ನು ಎಷ್ಟು ಕೆರೆದಿದ್ದೇನೆಂದರೆ ಸುಳ್ಳು ಹೇಳೋಣ ಎಂದರೂ ಅದು ಹೊರಳುವುದಿಲ್ಲ. ಮೊನ್ನೆ ಬಾಯಿ ತುಂಬ ಎಳ್ಳೆಣ್ಣೆ ಇಟ್ಟುಕೊಂಡಿದ್ದೆ, ಶಾಲೆಯವರು ಬಂದು "ಅರವತ್ತು ಜೊತೆ ಶುಕ್ರವಾರಕ್ಕೆ ಆಗುತ್ತೇನ್ರೀ?" ಅಂದರು. ಉಗುಳಲು ಜಾಗವಿಲ್ಲ, ತಲೆ ಆಡಿಸಿಬಿಟ್ಟೆ. ಈಗ ಅರವತ್ತು ಜೊತೆ ಹೊಲಿಯುತ್ತಾ ಕೂತಿದ್ದೇನೆ.

ಒಂಬತ್ತನೆಯ ಸಾಲಿನಿಂದಲೂ ಒಂದು ಎಡವಟ್ಟಾಯಿತು. ಅಗ್ನಿಶಾಮಕ ದಳದ ಅಧಿಕಾರಿ ಅಳತೆಗೆ ನಿಂತಿದ್ದರು. ನನಗೆ ಆಕಳಿಕೆ ಬಂತು. ತಡೆಯಬಾರದಲ್ಲ! ಅವರ ಮೂಗಿನ ನೇರಕ್ಕೆ ಬಾಯಿ ತೆರೆದೆ.

"ಏನ್ರೀ, ನನ್ನನ್ನ ನುಂಗಿಬಿಡ್ತೀರಾ?" ಅಂದರು.

"ಇಲ್ಲ ಸಾರ್, ಓಜಸ್ಸು ಉಳಿಸ್ತಿದ್ದೀನಿ" ಅಂದೆ.

ಅವರು ಪ್ಯಾಂಟನ್ನು ಬೇರೆ ಕಡೆ ಹೊಲಿಸಿಕೊಂಡರು.

ಈ ಕಾಗದದ ಮೂಲೆಯಲ್ಲಿ ಒಂದು ಎಣ್ಣೆ ಕಲೆ ಇದೆ, ಬೇಜಾರು ಮಾಡಿಕೊಳ್ಳಬೇಡ. ಮೈಗೆ ತಿಕ್ಕಿಕೊಂಡ ಎಳ್ಳೆಣ್ಣೆ ಇನ್ನೂ ಕೈಯಲ್ಲಿತ್ತು. ನಿನ್ನ ಆರೋಗ್ಯ ಹೇಗಿದೆ, ಬರಿ.

ನಿನ್ನ ಕಡ್ಡಿ


ನವೆಂಬರ್ ೨

ಕಡ್ಡಿ,

ಯಾರ ಹತ್ತಿರ ಆಟ ಆಡುತ್ತಿದ್ದೀಯ? ಎಳ್ಳೆಣ್ಣೆ ಕಾಗದದ ಮೇಲೆ ಬಿದ್ದರೆ ಹರಡುತ್ತಾ ಹೋಗುತ್ತದೆ, ಎರಡು ದಿನಕ್ಕೆ ಅಂಚು ಹಳದಿ ತಿರುಗುತ್ತದೆ. ನಿನ್ನ ಕಲೆಯ ನಡುವೆ ಬಿಳಿ ಹಕ್ಕಳೆ ಇದೆ. ಉಗುರಿನಿಂದ ಕೆರೆದೆ, ಸಕ್ಕರೆ ಉದುರಿತು. ಮೂಸಿದೆ, ವೆನಿಲ್ಲಾ. ಅದು ನಿನ್ನ ಅಂಗಡಿ ಎದುರಿನ ಬೇಕರಿಯ ಕ್ರೀಮ್ ಬನ್ನು. ಹೆಬ್ಬೆರಳಿನ ಗುರುತು ಸಮೇತ ಬಿದ್ದಿದೆ, ಪೊಲೀಸರಿಗೆ ಕೊಟ್ಟರೆ ಹಿಡಿದು ಒಳಗೆ ಹಾಕುತ್ತಾರೆ. ನಾಚಿಕೆ ಆಗಬೇಕು ನಿನಗೆ.

ನನ್ನನ್ನು ನೋಡಿ ಕಲಿ. ನನ್ನ ಓಜಸ್ಸು ಉಕ್ಕಿ ಹರಿಯುತ್ತಿದೆ. ಗಡಿಯಾರದ ಗೊಡವೆಯಿಲ್ಲದೆ ನಾಲ್ಕಕ್ಕೇ ಎಚ್ಚರ. ಊರೆಲ್ಲ ಸ್ವೆಟರು ಹಾಕಿಕೊಂಡು ನಡುಗುತ್ತಿದೆ, ನಾನು ಕಿಟಕಿ ತೆರೆದು ಫ್ಯಾನು ಹಾಕಿಕೊಂಡಿದ್ದೇನೆ. ಹಸಿವೆಂದರೆ ಹಸಿವು, ಕಲ್ಲು ಕೊಟ್ಟರೂ ಅರಗಿಸಿಕೊಳ್ಳುವಷ್ಟು. ಹೋದ ವಾರ ನಮ್ಮ ಕಟ್ಟಡದ ಮೂರು ಮಹಡಿಯ ಪರದೆಗಳನ್ನೂ ನಾನೇ ಇಳಿಸಿ ಒಗೆದುಹಾಕಿದೆ. ಕೆಳಗಿನ ಮನೆಯಾಕೆ "ಅಯ್ಯೋ ನಮ್ಮದು ಬಿಡಿ, ಹೊಸದು" ಅಂದಳು. ಬಿಡಲಿಲ್ಲ. ಕೈಯಲ್ಲಿ ಶಕ್ತಿ ಎಷ್ಟು ತುಂಬಿದೆಯೆಂದರೆ ಪೆನ್ನು ಒಂದು ಕಡೆ ನಿಲ್ಲುವುದಿಲ್ಲ, ಅಕ್ಷರ ಕುಣಿಯುವುದು ನಿನಗೂ ಕಾಣುತ್ತಿರಬಹುದು. ಸುಮ್ಮನೆ ಕೂತರೂ ಎದೆ ಡಬಡಬ ಹೊಡೆಯುವುದು ನನಗೇ ಕೇಳುತ್ತದೆ. ಎಂಟು ಹನಿ ಹತ್ತಾಗಿರಬೇಕು.

ವೈದ್ಯರು ಒಂದು ತಿಂಗಳು ಬಿಟ್ಟು ಬನ್ನಿ ಅಂದಿದ್ದರು. ಇಷ್ಟು ಚೆನ್ನಾಗಿರುವವಳು ಹೋಗಿ ಮಾಡುವುದೇನು? ಹೋಗಲಿಲ್ಲ.

ಬನ್ನು ಬಿಡು. ನಿನಗೆ ಕೈ ಮುಗಿಯುತ್ತೇನೆ.

ಅಕ್ಕ


ನವೆಂಬರ್ ೧೪

ಅಕ್ಕ,

ಸಿಕ್ಕಿಬಿದ್ದೆ. ಒಪ್ಪಿಕೊಂಡೆ. ಅರ್ಧ ಬನ್ನು. ಅದೂ ಒಂದೇ ಸಲ. ಆ ಬೇಕರಿಯವನು ಸರಿಯಾಗಿ ನಾಲ್ಕು ಗಂಟೆಗೆ ಒಲೆಯ ಬಾಗಿಲು ತೆಗೆಯುತ್ತಾನೆ, ವಾಸನೆ ನೆಟ್ಟಗೆ ನನ್ನ ಅಂಗಡಿಗೇ ಬಂದು ಕೂರುತ್ತದೆ. ಬಂದ ಹಸಿವನ್ನು ತಡೆಯಬಾರದು ಎಂದು ಬರೆದುಕೊಟ್ಟವಳು ನೀನೇ!

ನಿನ್ನ ಕಾಗದ ಓದಿ ನನಗೆ ಹೊಟ್ಟೆ ಉರಿಯಿತು. ನಿನಗೆ ಐವತ್ತೆಂಟು, ಮೂರು ಮಹಡಿಯ ಪರದೆ ಒಗೆಯುತ್ತೀಯ. ನನಗೆ ಐವತ್ತೆರಡು, ಮಧ್ಯಾಹ್ನವಾದರೆ ಇಸ್ತ್ರಿ ಮೇಜಿನ ಮೇಲೆ ಮಲಗುತ್ತೇನೆ. ಒಂದೇ ಹಾಳೆ, ಒಬ್ಬಳೇ ತಾಯಿಯ ಮಕ್ಕಳು, ಇದ್ಯಾವ ನ್ಯಾಯ?

ಇರಲಿ, ನಿನ್ನ ಬಾಯಿ ಮುಚ್ಚಿಸಲು ಲಂಚ ಕೊಡುತ್ತಿದ್ದೇನೆ. ನಿವೃತ್ತಿಗೆ ಏನೂ ಕೊಡಲಿಲ್ಲ ಎಂದು ನನ್ನ ಮನಸ್ಸು ಚುಚ್ಚುತ್ತಲೇ ಇತ್ತು. ಒಳ್ಳೆಯ ಬೂದು ಉಣ್ಣೆ ಬಟ್ಟೆ ಬಂದಿದೆ, ನಿನಗೊಂದು ಕೋಟು ಹೊಲಿಯುತ್ತೇನೆ. ಅಳತೆಗೆ ನಿನ್ನ ಹಳೆಯ ನೀಲಿ ಕೋಟನ್ನು ಕಳಿಸು.

ನಿನ್ನ ಕಡ್ಡಿ

(ಹಾಳೆಯ ಹಿಂದೆ, ಕಡ್ಡಿಯ ಹೆಂಡತಿಯ ಕೈಬರಹದಲ್ಲಿ)

ಅತ್ತಿಗೆ, ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು, ಅದಕ್ಕೇ ಬರೆಯುತ್ತಿದ್ದೇನೆ. ಅರ್ಧ ಅಲ್ಲ. ಎರಡು. ದಿನಾ.


ನವೆಂಬರ್ ೨೫

ಕಡ್ಡಿ,

ಕೋಟು ಯಾಕೆ, ಸುಮ್ಮನೆ ಖರ್ಚು. ಅಳತೆ ನಿನ್ನ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಹಳೆಯದನ್ನು ಕಳಿಸುವುದು ಯಾಕೆ ಎಂದು ಬರೆಯಲು ಕೂತೆ. ಆಮೇಲೆ ನೀನು ಅದಕ್ಕೂ ಒಂದು ರಾಮಾಯಣ ತೆಗೆಯುತ್ತೀಯ ಎಂದು ಕಳಿಸುತ್ತಿದ್ದೇನೆ. ಒಗೆದು ಹಬೆ ಇಸ್ತ್ರಿ ಹಾಕಿಸಿದ್ದೇನೆ. ಜೇಬಿನಲ್ಲಿ ಏನೂ ಇಲ್ಲ, ಹುಡುಕಬೇಡ. ಮೂವತ್ತೊಂದು ವರ್ಷ ಊರಿನವರ ಜೇಬು ನೋಡಿದವಳು ನಾನು.

ಅದೇ ಅಳತೆ ಇಡು. ನನ್ನ ಮೈ ಇಪ್ಪತ್ತು ವರ್ಷದಿಂದ ಒಂದು ಇಂಚೂ ಆಚೀಚೆ ಆಗಿಲ್ಲ.

ಅಕ್ಷರ ಅಂಕುಡೊಂಕಾಗಿದ್ದರೆ ಕ್ಷಮಿಸು, ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ದಿನಕ್ಕೆ ಎರಡಾ? ಎರಡಾ?

ಅಕ್ಕ


ಡಿಸೆಂಬರ್ ೧೦

ಅಕ್ಕನಿಗೆ ನಮಸ್ಕಾರ.

ಕೋಟು ಕಳಿಸಿದ್ದೇನೆ. ನಾಲ್ಕು ಗುಂಡಿ, ಒಳಗೆ ರೇಷ್ಮೆಯ ಅಸ್ತರು. ಇಲ್ಲಿ ಎಲ್ಲ ಚೆನ್ನಾಗಿದೆ. ಹವೆ ಚೆನ್ನಾಗಿದೆ. ಅಂಗಡಿ ಚೆನ್ನಾಗಿದೆ. ಈ ವಾರ ಬನ್ನು ತಿಂದಿಲ್ಲ. ನಂಬಬೇಕಾದರೆ ನಂಬು, ಬಿಟ್ಟರೆ ಬಿಡು, ಬೇಕರಿಯವನೇ ಒಂದನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು ಹೋದ. ಅದನ್ನೂ ಅಳತೆಗೆ ಬಂದ ಹುಡುಗನಿಗೆ ಕೊಟ್ಟುಬಿಟ್ಟೆ.

ಒಂದು ಕೆಲಸ ಮಾಡು. ಕೋಟು ಹಾಕಿಕೊಂಡು ನಾಲ್ಕೂ ಗುಂಡಿ ಹಾಕಿ, ಕನ್ನಡಿಯ ಮುಂದೆ ನಿಂತು, ಕೈ ಮುಂದೆ ಚಾಚಿ, ಪಕ್ಕಕ್ಕೆ ತಿರುಗಿ ನೋಡು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅದೇ ದಿನ ಬರಿ. ಮರೆಯಬೇಡ. ಹಳೆಯ ಕೋಟು ಸ್ವಲ್ಪ ದಿನ ಇಲ್ಲೇ ಇರಲಿ.

ನಿನ್ನ ಕಡ್ಡಿ


ಡಿಸೆಂಬರ್ ೧೮

ಮುದ್ದಿನ ಕಡ್ಡಿ,

ನಿನ್ನ ಕೈಗೆ ಬಂಗಾರದ ಕಡಗ ತೊಡಿಸಬೇಕು! ಏನು ಕೋಟು ಮಾರಾಯ! ನೀನು ಹೇಳಿದ ಹಾಗೆ ಕೈ ಚಾಚಿದೆ, ತಿರುಗಿದೆ, ಬಗ್ಗಿದೆ. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ. ಮೈಗೆ ಎರಕ ಹೊಯ್ದ ಹಾಗಿದೆ. ಕೆಳಗಿನ ಮನೆಯಾಕೆಗೆ ತೋರಿಸಲು ಹೋದೆ, ಪರದೆಯ ಸಿಟ್ಟನ್ನೂ ಮರೆತು ಮುಟ್ಟಿ ಮುಟ್ಟಿ ನೋಡಿದಳು.

ನೋಡಿದೆಯಾ? ಅದೇ ಅಳತೆ ಎಂದು ನಾನು ಬರೆದಿರಲಿಲ್ಲವೇ? ಓಜಸ್ಸು ಇರುವ ಮೈ ಹೀಗೆಯೇ. ನೀನು ಸುಮ್ಮನೆ ಹಳೆಯದನ್ನು ಕಳಿಸು ಕಳಿಸು ಎಂದು ತಲೆ ತಿಂದೆ.

ಅಕ್ಕ


ಡಿಸೆಂಬರ್ ೨೨

ಅಕ್ಕ,

ಇದನ್ನು ಕೂತುಕೊಂಡು ಓದು.

ಆ ಕೋಟನ್ನು ಹಳೆಯ ಅಳತೆಗೆ ಹೊಲಿದಿಲ್ಲ. ಎದೆಯಲ್ಲಿ ಐದು ಇಂಚು, ಸೊಂಟದಲ್ಲಿ ಐದು ಇಂಚು ಕಡಿಮೆ ಇಟ್ಟು ಹೊಲಿದೆ. ಅದು ನಿನಗೆ ಗುಂಡಿ ಹಾಕಲೂ ಆಗದಷ್ಟು ಬಿಗಿಯಾಗಲಿ, "ಕಣ್ಣು ಕಾಣಲ್ವೇನೋ ನಿಂಗೆ?" ಎಂದು ನೀನು ಬಾಯಿಗೆ ಬಂದಂತೆ ಬೈಯುವಂತಾಗಲಿ ಎಂದು ದಿನವೂ ಅಂಚೆಯವನ ದಾರಿ ಕಾದೆ. ನೀನು ಎರಕ ಹೊಯ್ದ ಹಾಗಿದೆ ಎಂದು ಬರೆದೆ.

ಹಳೆಯ ಕೋಟಿನ ಜೇಬು ನೋಡಿದೆ ಅಕ್ಕ, ಸ್ವಚ್ಛ. ಹೊಲಿಗೆ ಮಾತ್ರ ನೀನು ನೋಡಲಿಲ್ಲ. ಎರಡೂ ಪಕ್ಕದಲ್ಲಿ ಸೂಜಿ ಹೋದ ಗುರುತು ಎರಡೆರಡು ಸಾಲು. ಒಂದು ಸಲ ಹಿಡಿದು ಹೊಲಿದಿದ್ದೀಯ, ಅದೂ ಸಡಿಲವಾದ ಮೇಲೆ ಇನ್ನೊಂದು ಸಲ ಹಿಡಿದಿದ್ದೀಯ, ಅಳೆದರೆ ಒಟ್ಟು ಐದು ಇಂಚು. ನನಗೆ ಕಳಿಸುವ ಮುಂಚೆ ಎಲ್ಲ ಬಿಚ್ಚಿ ಹಬೆ ಹಾಕಿಸಿದ್ದೀಯ. ಕಂಕುಳ ಕೆಳಗೆ ಒಂದು ಎಳೆ ಉಳಿದಿತ್ತು. ಕೆಂಪು ದಾರ, ಆಸ್ಪತ್ರೆಯ ಹಾಸಿಗೆ ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಅದೇ.

ಅಮ್ಮ ತನ್ನ ಕಡೆಯ ಚಳಿಗಾಲದಲ್ಲಿ ಕಾಯಿಲೆಯಿಂದ ಮೈ ಇಳಿದುಹೋದಾಗ ನಿನಗೆ ಹದಿನೇಳು, ನನಗೆ ಹನ್ನೊಂದು. ನೀನು ಅವಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದೆ. ನಾನು ತಿಂಗಳಿಗೊಮ್ಮೆ ಅವಳ ಅಂಗಿಯ ಪಕ್ಕ ಹಿಡಿದು ಹೊಲಿಯುತ್ತಿದ್ದೆ. "ಅಕ್ಕಂಗೆ ಹೇಳ್ಬೇಡ, ಹೆದರ್ತಾಳೆ" ಎಂದು ಅಮ್ಮನೇ ಸೂಜಿ ಹಿಡಿಯಲು ಕಲಿಸಿದಳು. ನಾನು ಕಲಿತ ಮೊದಲ ಹೊಲಿಗೆ ಅದು. ಅದನ್ನು ನಾನು ಗುರುತು ಹಿಡಿಯುವುದಿಲ್ಲ ಎಂದುಕೊಂಡೆಯಾ?

ಹೆದರಿಕೆಯಾಗುತ್ತಿದೆ ಅಕ್ಕ. ಒಂಬತ್ತನೆಯ ಸಾಲನ್ನು ಈಗ ಪಾಲಿಸುತ್ತಿದ್ದೇನೆ, ಕಾಗದ ಒದ್ದೆಯಾಗಿದ್ದರೆ ಅದು ಎಣ್ಣೆಯಲ್ಲ.

ಹನ್ನೆರಡನೆಯ ಸಾಲನ್ನೂ ಪಾಲಿಸಿಬಿಡುತ್ತೇನೆ. ನಾನು ಒಂದು ದಿನವೂ ನಾಲಿಗೆ ಕೆರೆದಿಲ್ಲ. ಏಳುವುದು ಎಂಟಕ್ಕೆ. ಶಾಲೆಯವರು ಬಂದಾಗ ತಲೆ ಆಡಿಸಿದ್ದು ನಿಜ, ಬಾಯಲ್ಲಿದ್ದದ್ದು ಎಳ್ಳೆಣ್ಣೆಯಲ್ಲ, ಬನ್ನು. ಇಷ್ಟೇ ನನ್ನ ಕಡೆಯದು. ಈಗ ನಿನ್ನ ಕಡೆಯದು ಬರಿ. ನಾಳೆಯೇ ವೈದ್ಯರಲ್ಲಿಗೆ ಹೋಗು. ಇಲ್ಲದಿದ್ದರೆ ರೈಲು ಹತ್ತುತ್ತೇನೆ.

ಕಡ್ಡಿ


ಡಿಸೆಂಬರ್ ೨೭

ಕಳ್ಳ!

ಅಕ್ಕನಿಗೇ ಬಲೆ ಬೀಸುತ್ತೀಯಾ? ಕೋಟಿನೊಳಗೆ ಬೋನು ಇಟ್ಟು ಕಳಿಸುವ ದರ್ಜಿಯನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಸಿಟ್ಟಿನಲ್ಲಿ ಮೂರು ಹನಿ ಆವಿಯಾಗಿ ಹೋಯಿತು, ಅದರ ಪಾಪ ನಿನಗೆ.

ಪರದೆ ಒಗೆದೆ, ಮೈ ಸ್ವಲ್ಪ ಇಳಿಯಿತು. ಇದರಲ್ಲಿ ಏನಿದೆ? ನಾನು ಅಮ್ಮನಲ್ಲ. ಅಮ್ಮ ಮಲಗಿದ್ದಳು, ನಾನು ಓಡಾಡುತ್ತಿದ್ದೇನೆ. ಅಮ್ಮನಿಗೆ ಹಸಿವಿರಲಿಲ್ಲ, ನನಗಿದೆ. ಇದೆಲ್ಲ ನಾನೇ ಕೂತು ಲೆಕ್ಕ ಹಾಕಿ ನೋಡಿದ್ದೇನೆ, ನೀನು ಹೇಳಿಕೊಡಬೇಕಾಗಿಲ್ಲ.

ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ. ನನಗೆ ಕಾಗದವನ್ನೂ ಬರೆಯಬೇಡ.

ಅಕ್ಕ


ಜನವರಿ ೬

ಅಕ್ಕ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಬೇಕಾದರೆ ಓದಬೇಡ.

ವರದಿ: ಐದು ದಿನದಿಂದ ಆರಕ್ಕೆ ಏಳುತ್ತಿದ್ದೇನೆ. ಸೂರ್ಯ ನನಗಿಂತ ಮುಂಚೆ ಎದ್ದಿರುತ್ತಾನೋ ಇಲ್ಲವೋ ಮೋಡದಲ್ಲಿ ತಿಳಿಯುವುದಿಲ್ಲ. ನಾಲಿಗೆ ಕೆರೆದೆ, ವಾಂತಿ ಬಂದ ಹಾಗಾಯಿತು. ಎಳ್ಳೆಣ್ಣೆ ಹಚ್ಚಿಕೊಂಡು ಬಚ್ಚಲಿನಲ್ಲಿ ಜಾರಿ ಬಿದ್ದೆ, ಮಂಡಿ ಊದಿದೆ. ಊಟವಾದ ಮೇಲೆ ನೂರು ಹೆಜ್ಜೆ ಹಾಕುತ್ತೇನೆ. ನಲವತ್ತಾರನೆಯ ಹೆಜ್ಜೆಗೆ ಬೇಕರಿ ಬರುತ್ತದೆ, ಅಲ್ಲಿ ಉಸಿರು ಬಿಗಿಹಿಡಿದು ದಾಟುತ್ತೇನೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ನೀನು ಲೆಕ್ಕ ಹಾಕಿ ನೋಡಿದ್ದೇನೆ ಎಂದು ಬರೆದೆಯಲ್ಲ, ಆ ಸಾಲನ್ನು ಇಪ್ಪತ್ತು ಸಲ ಓದಿದೆ. ನಿನಗೂ ಹೆದರಿಕೆಯಿದೆ ಅಕ್ಕ. ದೊಡ್ಡ ಆಸ್ಪತ್ರೆಗೆ ಹೋಗದಿದ್ದರೆ ಬೇಡ. ಹಾಳೆ ಕೊಟ್ಟ ಆ ವೈದ್ಯರ ಹತ್ತಿರವಾದರೂ ಹೋಗು. ನಿನ್ನ ಬೀದಿಯ ಕೊನೆ, ಇನ್ನೂರು ಹೆಜ್ಜೆಯೂ ಇರಲಾರದು.

ಕಡ್ಡಿ


ಜನವರಿ ೧೫

ಕಡ್ಡಿ,

ಇನ್ನೂರ ಹನ್ನೆರಡು ಹೆಜ್ಜೆ. ನಡುವೆ ಎರಡು ಸಲ ಗೋಡೆ ಹಿಡಿದು ನಿಂತೆ. ಇನ್ನು ನಾನೂ ಹನ್ನೆರಡನೆಯ ಸಾಲು ಪಾಲಿಸುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ವೈದ್ಯರು ನಾಡಿ ಹಿಡಿದರು. ಹಿಡಿದವರು ಬಿಡಲೇ ಇಲ್ಲ.

"ಒಂದು ತಿಂಗಳಿಗೆ ಬನ್ನಿ ಅಂದಿದ್ದೆ. ಮೂರು ತಿಂಗಳು ದಾಟ್ತಲ್ಲಮ್ಮ" ಅಂದರು.

"ಚೆನ್ನಾಗಿದ್ದೆ ಸ್ವಾಮಿ. ಓಜಸ್ಸು ಜಾಸ್ತಿಯಾಗಿತ್ತು" ಅಂದೆ.

"ಯಾರು ಹೇಳಿದ್ದು?"

"ನಿಮ್ಮ ಹಾಳೆ."

"ನನ್ನ ಹಾಳೆ ಅರ್ಧ ಶಕ್ತಿ ಅಂತ ಹೇಳಿತ್ತು. ನೀವು ಕಟ್ಟಡದ ಪರದೆ ಎಲ್ಲ ಒಗೆದಿರಂತೆ, ಬೀದಿಗೆಲ್ಲ ಗೊತ್ತು. ಓಜಸ್ಸು ಇದ್ದೋರ ಎದೆ ಹೀಗೆ ಓಡಲ್ಲಮ್ಮ. ಓಜಸ್ಸು ಮನುಷ್ಯನನ್ನ ಓಡಿಸಲ್ಲ, ನೆಮ್ಮದಿಯಾಗಿ ಕೂರಿಸುತ್ತೆ. ಇವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಕೊಡಿ. ಬರೆದುಕೊಡ್ತೀನಿ."

ಚೀಟಿ ತೆಗೆದುಕೊಂಡು ಹೋದೆ. ಬೇರೆ ಎಲ್ಲಿಗೆ, ನನ್ನ ಹಳೆಯ ಆಸ್ಪತ್ರೆಗೇ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅಲ್ಲಿನ ಹಾಸಿಗೆಯ ಮೇಲೆ ಮಲಗಿದೆ. ಮಲಗಿ ನೋಡುತ್ತೇನೆ, ಹೊದಿಕೆಯ ಅಂಚಿನಲ್ಲಿ ಅಯೋಡಿನ್ ಕಲೆ! ಎದ್ದು ಕೂತೆ. ನನ್ನ ಜಾಗಕ್ಕೆ ಬಂದಿರುವ ಮೇಲ್ವಿಚಾರಕಿಯನ್ನು ಕರೆಸಿದೆ. ದಾದಿ "ಅಮ್ಮ, ಸುಮ್ನೆ ಮಲಕೊಳ್ಳಿ, ಎದೆಬಡಿತ ನೋಡಬೇಕು" ಅಂದಳು. "ಈ ಕಲೆ ನೋಡಿದ್ರೆ ಯಾರ ಎದೆ ಬಡಿಯಲ್ಲ ಹೇಳು" ಅಂದೆ.

ವರದಿ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದ ಬಗ್ಗೆ ಬರೆಯುವುದಿಲ್ಲ. ನಿನ್ನ ಕೋಟು ಹಾಕಿಕೊಂಡೇ ಕೂತಿದ್ದೆ ಎಂದಷ್ಟೇ ತಿಳಿದುಕೋ.

ಅಮ್ಮನ ಕಾಯಿಲೆಯಲ್ಲ ಕಡ್ಡಿ. ಎರಡು ಸಲ ಕೇಳಿದೆ, ಡಾಕ್ಟರು ಎರಡು ಸಲವೂ ಅಲ್ಲ ಅಂದರು. ಥೈರಾಯ್ಡ್ ಅಂತೆ. ಗಂಟಲಿನಲ್ಲಿರುವ ಒಂದು ಸಣ್ಣ ಗ್ರಂಥಿ, ಅದು ಯಾರೂ ಹೇಳದೆ ಮೂರು ಪಾಳಿಯ ಕೆಲಸ ಮಾಡುತ್ತಿತ್ತಂತೆ. ಸೆಕೆ, ಹಸಿವು, ನಾಲ್ಕಕ್ಕೆ ಎಚ್ಚರ, ಕೈ ನಡುಕ, ಕರಗುವ ಮೈ, ಎಲ್ಲ ಅದರ ಕಿತಾಪತಿ. ನಾನು ಕಾಯಿಲೆಗೆ ಮೂರು ತಿಂಗಳು ಶಹಭಾಸ್ ಹೇಳಿದ್ದೇನೆ. ಇನ್ನೂ ತಡ ಮಾಡಿದ್ದರೆ ಎದೆಗೆ ಅಪಾಯವಿತ್ತಂತೆ. ಮಾತ್ರೆ ಕೊಟ್ಟಿದ್ದಾರೆ, ಮೈ ತುಂಬಿಕೊಳ್ಳಲು ಕೆಲವು ತಿಂಗಳು ಬೇಕು. ದಿನಚರಿ ಬಿಡಬೇಡಿ, ಆದರೆ ಮಾತ್ರೆ ಬಿಟ್ಟರೆ ಹಾಳೆ ಹರಿದುಹಾಕುತ್ತೇನೆ ಎಂದು ವೈದ್ಯರು ಹೇಳಿದರು.

ಮೈ ಇಳಿಯುವುದು ನನಗೆ ಸೆಪ್ಟೆಂಬರಿನಿಂದಲೇ ಗೊತ್ತಿತ್ತು. ಸುಸ್ತು ಎಂದು ವೈದ್ಯರಿಗೆ ಹೇಳಿದೆ, ಇಳಿದದ್ದನ್ನು ಹೇಳಲಿಲ್ಲ. ಕೆಂಪು ದಾರ ಪೋಣಿಸುವಾಗ ಅಮ್ಮನೇ ಕಣ್ಣ ಮುಂದೆ ಬರುತ್ತಿದ್ದಳು. ಯಾರಾದರೂ ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಹೆದರಿದ್ದೆ. ಬಸ್ಸಿನಲ್ಲಿ ಕೂತು ಬರೆದೆ ಎಂದದ್ದೂ ಸುಳ್ಳು, ಅಡುಗೆಮನೆಯ ಮೇಜಿನ ಮೇಲೆ ಬರೆದದ್ದು.

ವರದಿ ಬಂದ ದಿನ ಆಸ್ಪತ್ರೆಯ ದಿಂಬಿನ ಮೇಲೆ ಮನಸ್ಸು ಬಿಚ್ಚಿ ಅತ್ತೆ. ಚಿಂತೆಯಿಲ್ಲ, ಕಣ್ಣೀರಿನ ಕಲೆ ತಣ್ಣೀರಿನಲ್ಲೇ ಹೋಗುತ್ತದೆ.

ಮಂಡಿಗೆ ಬಿಸಿನೀರಿನ ಶಾಖ ಕೊಡು.

ಅಕ್ಕ


ಜನವರಿ ೨೨

ಅಕ್ಕ,

ನಿನ್ನ ಕಾಗದ ಓದಿದ ಮೇಲೆ ಅಂಗಡಿಯ ಬಾಗಿಲು ಹಾಕಿ ಸುಮ್ಮನೆ ಕೂತೆ. ಆಮೇಲೆ ತೆರೆದು ಬಂದವರಿಗೆಲ್ಲ "ನಮ್ಮಕ್ಕಂಗೆ ಥೈರಾಯ್ಡು!" ಎಂದು ಹೇಳಿದೆ. ಜನ ಸಂತಾಪ ಹೇಳಬೇಕೋ ಅಭಿನಂದನೆ ಹೇಳಬೇಕೋ ತಿಳಿಯದೆ ನಿಂತರು.

ಮಂಡಿಯ ಊತ ಇಳಿದಿದೆ. ಸಕ್ಕರೆಯೂ ಕೊಂಚ ಇಳಿದಿದೆ, ನೋಡಿದ ಡಾಕ್ಟರು ಹುಬ್ಬೇರಿಸಿದರು. ಮಧ್ಯಾಹ್ನ ಇಸ್ತ್ರಿ ಮೇಜಿನ ಮೇಲೆ ಈಗ ಬಟ್ಟೆ ಮಾತ್ರ ಇರುತ್ತದೆ. ನಾಲಿಗೆ ಕೆರೆಯುವುದು ಮಾತ್ರ ನನಗೆ ಇನ್ನೂ ಒಗ್ಗಿಲ್ಲ, ನಿಜ ಹೇಳುತ್ತಿದ್ದೇನೆ.

ಒಂದು ವಿಷಯ ಹೇಳದೆ ಉಳಿಸಿಕೊಂಡಿದ್ದೆ. ಕೋಟಿನ ಅಸ್ತರನ್ನು ಎತ್ತಿ ನೋಡು. ಎರಡೂ ಪಕ್ಕದಲ್ಲಿ ಐದು ಇಂಚಿಗೆ ಆಗುವಷ್ಟು ಬಟ್ಟೆಯನ್ನು ಒಳಗೆ ಮಡಿಸಿ ಬಿಟ್ಟಿದ್ದೇನೆ. ಇಷ್ಟು ಬಟ್ಟೆ ಒಳಗೆ ಬಿಡುವ ದರ್ಜಿಯನ್ನು ಯಾರಾದರೂ ನೋಡಿದರೆ ನಗುತ್ತಾರೆ. ನಗಲಿ. ನೀನು ಮತ್ತೆ ಅದೇ ಅಳತೆಗೆ ಬರುತ್ತೀಯ ಎಂದು ಹೊಲಿಯುವಾಗಲೇ ಹಟ ಹಿಡಿದಿದ್ದೆ. ನೀನು ಮಾತ್ರ ಸೂಜಿ ಮುಟ್ಟಬೇಡ. ನಿನ್ನ ಕೈಯಲ್ಲಿ ಬಿಚ್ಚಿದರೆ ತೂತು ಉಳಿಯುತ್ತದೆ.

ನಿನ್ನ ಕಡ್ಡಿ

(ಹಾಳೆಯ ಹಿಂದೆ, ಹೆಂಡತಿಯ ಕೈಬರಹದಲ್ಲಿ)

ಅತ್ತಿಗೆ, ಸುಮ್ಮನೆ ಕೂತಿರಲಿಲ್ಲ. ಪೊಲೀಸಿನವರೊಬ್ಬರ ಹೊಸ ಪ್ಯಾಂಟಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅಳುತ್ತಿದ್ದರು. ಅದನ್ನು ಮತ್ತೆ ಇಸ್ತ್ರಿ ಹಾಕಬೇಕಾಯಿತು. ನೀವು ಬೇಗ ಹುಷಾರಾಗಿ.


ಮಾರ್ಚ್ ೨೦

ಕಡ್ಡಿ,

ಬೆಳಗ್ಗೆ ಆರರವರೆಗೂ ನಿದ್ದೆ ಬರುತ್ತಿದೆ. ಕಿಟಕಿ ಮುಚ್ಚಿದ್ದೇನೆ, ನನಗೂ ಎಲ್ಲರ ಹಾಗೆ ಚಳಿಯಾಗುತ್ತದೆ. ಎದೆ ತನ್ನ ಪಾಡಿಗೆ ತಾನು ಇದೆ, ಸದ್ದೇ ಇಲ್ಲ. ಈ ಅಕ್ಷರ ನೋಡು, ಒಂದಾದರೂ ಕುಣಿಯುತ್ತಿದೆಯಾ? ವೈದ್ಯರು ನಾಡಿ ಹಿಡಿದು ಇಷ್ಟೇ ಇಷ್ಟು ನಕ್ಕರು. "ಈಗ ಎಷ್ಟು ಹನಿ ಸ್ವಾಮಿ?" ಎಂದು ಕೇಳಿದೆ. "ಎಣಿಸೋದು ಬಿಟ್ಟರೆ ಎಂಟೂ ಇರುತ್ತೆ" ಅಂದರು.

ನಿನ್ನೆ ಕೋಟು ಹಾಕಿಕೊಂಡೆ. ಮೇಲಿನ ಗುಂಡಿ ಹಾಕಲು ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಉಸಿರು ಎಳೆದುಕೊಳ್ಳಬೇಕಾಯಿತು. ನಾಲ್ಕನೆಯದು ಏನು ಮಾಡಿದರೂ ಹಾಕಲು ಬರಲಿಲ್ಲ ಕಣೋ. ಕನ್ನಡಿಯ ಮುಂದೆ ನಿಂತು ಒಬ್ಬಳೇ ನಕ್ಕೆ.

ಕೋಟು ಬಿಗಿಯಾಗಿದೆ. ನೀನು ಹೇಳಿದ ಹಾಗೆ ನಾನು ಸೂಜಿ ಮುಟ್ಟಿಲ್ಲ. ಬಂದು ಬಿಚ್ಚಿಕೊಡು. ಇಬ್ಬರೂ ಬನ್ನಿ, ಒಂದೂವರೆ ದಿನದ ರೈಲು ಏನು ಮಹಾ. ಗೊರಕೆ ಹೊಡೆದರೂ ಪರವಾಗಿಲ್ಲ, ತಡೆಹಿಡಿಯಬೇಡ. ಬಾಗಿಲು ತೆರೆದೇ ಇರುತ್ತದೆ.

ನಿನ್ನ ಅಕ್ಕ

ಮರೆತಿದ್ದೆ: ಕಾಗದದ ಕೆಳಗಿನ ಮೂಲೆಯಲ್ಲಿ ಒಂದು ಕಲೆ ಇದೆ. ಎಳ್ಳೆಣ್ಣೆ ಎಂದು ಬರೆಯಲು ಹೊರಟೆ, ಹನ್ನೆರಡನೆಯ ಸಾಲು ನೆನಪಾಯಿತು. ಕ್ರೀಮು. ಅರ್ಧ ಬನ್ನು. ಇನ್ನರ್ಧ ಕೆಳಗಿನ ಮನೆಯಾಕೆಗೆ ಕೊಟ್ಟೆ, ಬೇಕಾದರೆ ಬಂದು ಅವಳನ್ನೇ ಕೇಳು.